28 ಸೆಕೆಂಡಿನ ನ್ಯಾಯ



ಇವತ್ತು ಯಾವ ಮಂತ್ರಿಯನ್ನೂ ತರಾಟೆಗೆ ತಗೊಳ್ಳಲ್ಲ. ಯಾವ ಅಧಿಕಾರಿಗೂ ಪ್ರಶ್ನೆ ಹಾಕಲ್ಲ. ಪ್ರತಿದಿನ ಎಂಟು ಗಂಟೆಗೆ ಇದೇ ಕುರ್ಚಿಯಲ್ಲಿ ಕೂತು ಯಾರನ್ನಾದ್ರೂ ಕಟಕಟೆಗೆ ನಿಲ್ಲಿಸೋದು ನನ್ನ ಕೆಲಸ. ಇವತ್ತು ಆ ಕಟಕಟೆಯಲ್ಲಿ ನಾನೇ ನಿಂತಿದ್ದೀನಿ. ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ.

ಒಂದು ವಿಡಿಯೋ ಬಂತು. 28 ಸೆಕೆಂಡಿನ ವಿಡಿಯೋ. ಸರ್ಕಾರಿ ಬಸ್ಸು, ಒಬ್ಬ ಕಂಡಕ್ಟರ್, ಎಪ್ಪತ್ತು ದಾಟಿದ ಒಬ್ಬ ಅಜ್ಜ. 'ಇಳೀರಿ ಅಂದ್ರೆ ಇಳೀಬೇಕು' ಅಂತ ಕಂಡಕ್ಟರ್ ಕಿರುಚ್ತಿದ್ದಾರೆ. ಅಜ್ಜ ಕಂಬಿ ಹಿಡಿದುಕೊಂಡು ಬಿಡ್ತಿಲ್ಲ. ಕಂಡಕ್ಟರ್ ಅವರ ತೋಳು ಹಿಡಿದು ಇಳಿಸ್ತಾರೆ, ಅವರ ಚೀಲ ತೆಗೆದು ರಸ್ತೆ ಮೇಲೆ ಇಡ್ತಾರೆ. ಅಲ್ಲಿಗೆ ವಿಡಿಯೋ ಮುಗೀತು.

ನನ್ನ ರಕ್ತ ಕುದೀತು. ನಿಜವಾಗ್ಲೂ ಕುದೀತು, ನಾಟಕ ಅಲ್ಲ. ನಮ್ಮ ಡೆಸ್ಕಿನಲ್ಲಿ ಎಲ್ಲರಿಗೂ ಹಾಗೇ ಆಯ್ತು. ಸಂಜೆ ಐದರಿಂದಲೇ ಆ ದೃಶ್ಯ ತಿರುಗಿಸಿ ತಿರುಗಿಸಿ ಹಾಕಿದ್ವಿ. ಮುಖದ ಸುತ್ತ ಕೆಂಪು ವೃತ್ತ ಬಂತು. ಕೆಳಗೆ 'ರಾಕ್ಷಸ ಕಂಡಕ್ಟರ್' ಅಂತ ಪಟ್ಟಿ ಬಂತು. ಎಂಟು ಗಂಟೆಗೆ ನಾನು ಬಂದು ಕೂತೆ. ಏನು ಹೇಳಿದೆ ಗೊತ್ತಾ? 'ಇವನಿಗೆ ಮನೆಯಲ್ಲಿ ತಂದೆ ಇಲ್ವಾ?' ಅಂದೆ. ಕ್ಯಾಮೆರಾ ನೋಡಿ, ಧ್ವನಿ ಏರಿಸಿ, ಎರಡು ಸಲ ಅಂದೆ.

ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚುವ ಹೊತ್ತಿಗೆ ಆಫೀಸ್ ನಂಬರಿಗೆ ಒಂದು ಫೋನ್ ಬಂತು. ಒಂದು ಹೆಣ್ಣುಮಗಳ ಧ್ವನಿ. ಬೈಯಲಿಲ್ಲ, ಅಳಲೂ ಇಲ್ಲ. 'ಸಾರ್, ನಾನು ಆ ಕಂಡಕ್ಟರ್ ಮಗಳು. ನೀವು ಕೇಳಿದ್ರಲ್ಲ, ಇವನಿಗೆ ತಂದೆ ಇಲ್ವಾ ಅಂತ. ಇದ್ದಾರೆ ಸಾರ್. ನಮ್ಮ ತಾತ. ಟಿವಿ ಮುಂದೇನೇ ಕೂತಿದ್ರು. ನಿಮ್ಮ ಕಾರ್ಯಕ್ರಮ ದಿನಾ ನೋಡ್ತಾರೆ.'

ಇಷ್ಟು ಹೇಳಿ ಫೋನ್ ಇಟ್ಟರು.

ಮರುದಿನ ಮಧ್ಯಾಹ್ನ ಇನ್ನೊಂದು ವಿಡಿಯೋ ಬಂತು. ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ತೆಗೆದದ್ದು. ಎರಡು ನಿಮಿಷಕ್ಕೂ ಜಾಸ್ತಿ ಇತ್ತು. ಅದರಲ್ಲಿ ಏನಿತ್ತು? ಅಜ್ಜ ಹತ್ತಿದ್ದು ತಪ್ಪು ಬಸ್ಸು. ಅವರು ಹೋಗಬೇಕಾಗಿದ್ದ ಊರು ಬೇರೆ ದಿಕ್ಕಿಗಿತ್ತು. ಎದುರು ಬದಿಯಲ್ಲಿ ಆ ಊರಿನ ಬಸ್ಸು ಹೊರಡೋಕೆ ಸಿದ್ಧವಾಗಿ ನಿಂತಿತ್ತು. ಅದು ತಪ್ಪಿದ್ರೆ ಮುಂದಿನ ಬಸ್ಸು ಸಂಜೆಗೇ. ಅಜ್ಜನಿಗೆ ಕಿವಿ ಕೇಳಿಸ್ತಿರಲಿಲ್ಲ. ಅದಕ್ಕೇ ಕಂಡಕ್ಟರ್ ಕಿರುಚ್ತಿದ್ದದ್ದು! ಚೀಲ ರಸ್ತೆಗೆ ಇಟ್ಟವರು ತಾವೂ ಇಳಿದರು, ಅದೇ ಚೀಲ ಹೆಗಲಿಗೆ ಹಾಕ್ಕೊಂಡರು, ಅಜ್ಜನ ಕೈ ಹಿಡಿದು ರಸ್ತೆ ದಾಟಿಸಿದರು, ಆ ಬಸ್ಸಿನ ಕಂಡಕ್ಟರಿಗೆ 'ಇವರನ್ನ ಇಳಿಸಬೇಕಾದ ಕಡೆ ಇಳಿಸಪ್ಪ, ಕಿವಿ ಕೇಳ್ಸಲ್ಲ' ಅಂತ ಹೇಳಿ ಓಡಿಬಂದರು. ಇಷ್ಟೇ ಕಥೆ.

ಮೊದಲ ವಿಡಿಯೋ ತೆಗೆದ ಹುಡುಗನೇನು ದುಷ್ಟನಲ್ಲ. ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಆಗ 30 ಸೆಕೆಂಡಿನ ಮಿತಿ ಇತ್ತು. ಅಷ್ಟು ತೆಗೆದ, ಸಾಕು ಅನ್ನಿಸ್ತು, ನಿಲ್ಲಿಸಿದ. ಇನ್ನು ನಾವು? ಫೋನನ್ನ ಉದ್ದಕ್ಕೆ ಹಿಡಿದು ತೆಗೆದ ವಿಡಿಯೋ ಟಿವಿ ಪರದೆಯ ಮಧ್ಯದಲ್ಲಿ ಸಣ್ಣ ಪಟ್ಟಿಯಾಗಿ ಕೂರುತ್ತೆ. ಎರಡೂ ಪಕ್ಕ ಖಾಲಿ ಉಳಿಯುತ್ತೆ. ಅಲ್ಲಿಗೆ ನಾವು ಅದೇ ದೃಶ್ಯವನ್ನ ಹಿಗ್ಗಿಸಿ ಮಸುಕು ಮಾಡಿ ತುಂಬ್ತೇವೆ, ನೀವು ದಿನಾ ನೋಡಿರ್ತೀರ. ಆ ಅಜ್ಜನ ಬಸ್ಸು ನಿಂತಿದ್ದದ್ದು ನಾವು ಮಸುಕು ತುಂಬಿದ ಆ ಪಕ್ಕದಲ್ಲೇ.

ವೀಕ್ಷಕರೇ, ನಾನು ಓದಿದ್ದು ಇಂಜಿನಿಯರಿಂಗ್. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಸರ್ಟಿಫಿಕೇಟಿನಲ್ಲಿ 'ಕಮ್ಯುನಿಕೇಷನ್' ಅಂತ ದಪ್ಪಕ್ಷರದಲ್ಲಿ ಬರೆದಿದೆ. ಈ ವಿಷಯಕ್ಕೆ ಪಿತಾಮಹ ಅನ್ನಿಸಿಕೊಂಡವರು ಕ್ಲಾಡ್ ಶಾನನ್. 1948ರಲ್ಲಿ ಅವರು ಬರೆದ ಪ್ರಬಂಧದ ಮೇಲೆ ಇವತ್ತಿನ ಮೊಬೈಲು, ಇಂಟರ್ನೆಟ್ಟು ಎಲ್ಲ ನಿಂತಿದೆ. ಕಳಿಸುವವನೊಬ್ಬ, ಪಡೆಯುವವನೊಬ್ಬ, ನಡುವೆ ಒಂದು ದಾರಿ, ಆ ದಾರಿಯಲ್ಲಿ ಗದ್ದಲ. ಗದ್ದಲ ದಾಟಿ ಸಂದೇಶ ಸರಿಯಾಗಿ ತಲುಪಬೇಕು. ಶಾನನ್ ಶುರುವಿನಲ್ಲೇ ಒಂದು ಮಾತು ಸ್ಪಷ್ಟ ಮಾಡಿಬಿಟ್ಟರು: ಸಂದೇಶದ ಅರ್ಥ ಏನು ಅನ್ನೋದು ಇಂಜಿನಿಯರಿನ ಸಮಸ್ಯೆ ಅಲ್ಲ. ಅವರ ಲೆಕ್ಕಕ್ಕೆ ಅದು ಸರಿ. ತಂತಿಗೆ ಅರ್ಥ ಗೊತ್ತಾಗಬೇಕಾಗಿಲ್ಲ. ಪ್ರೀತಿಯ ಮಾತಾದ್ರೂ ಅಷ್ಟೇ ಬಿಟ್ಟು, ಬೈಗುಳವಾದ್ರೂ ಅಷ್ಟೇ ಬಿಟ್ಟು. ಆದರೆ ಅರ್ಥದ ಚಿಂತೆ ಮಾಡಬೇಕಾದವರು ನಾವು, ತಂತಿಯ ಎರಡು ತುದಿಯಲ್ಲಿ ಕೂತಿರುವ ಮನುಷ್ಯರು. ನಾವೂ ತಂತಿಯ ಹಾಗೇ ಆಗಿಬಿಟ್ವಿ. ಬಂದದ್ದನ್ನ ಬಂದ ಹಾಗೆ ದಾಟಿಸ್ತೀವಿ.

ಇಲ್ಲ, ತಂತಿಗಿಂತಲೂ ಕಡೆ ಆಗಿದ್ದೀವಿ. ಯಾಕೆ ಅಂತ ಹೇಳ್ತೀನಿ. ಎರಡು ಕಂಪ್ಯೂಟರುಗಳು ಮಾತಾಡುವಾಗ ಕಳಿಸಿದ ಪ್ರತಿ ತುಣುಕಿನ ಜೊತೆ ಒಂದು ಸಣ್ಣ ಲೆಕ್ಕ ಹೋಗುತ್ತೆ. ಪಡೆದ ಕಂಪ್ಯೂಟರ್ ಆ ಲೆಕ್ಕ ಮತ್ತೆ ಮಾಡಿ ನೋಡುತ್ತೆ. ತಾಳೆ ಆಗಲಿಲ್ಲ ಅಂದ್ರೆ ಆ ತುಣುಕನ್ನ ಪಕ್ಕಕ್ಕೆ ಹಾಕುತ್ತೆ, ಮತ್ತೆ ತರಿಸಿಕೊಳ್ಳುತ್ತೆ. ಯಂತ್ರಕ್ಕೆ ಯಂತ್ರ 'ಇನ್ನೊಂದು ಸಲ ಹೇಳು' ಅನ್ನೋ ವ್ಯವಸ್ಥೆ ಇದೆ. ಆ ಕಂಡಕ್ಟರಿಗೆ ನಾನು ಆ ಒಂದು ಮಾತು ಕೇಳಲಿಲ್ಲ. ಡಿಪೋಗೆ ಒಂದು ಫೋನ್ ಮಾಡಿದ್ರೆ ಐದು ನಿಮಿಷದ ಕೆಲಸ. ಮೂರು ಗಂಟೆ ಹೊತ್ತು ಇತ್ತು ನನಗೆ, ಐದರಿಂದ ಎಂಟರವರೆಗೆ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಕ್ಯಾಮೆರಾ ಇಲ್ಲದ ಕಾಲದ ಗಾದೆ ಅದು. ಕಣ್ಣಾರೆ ಕಂಡದ್ದನ್ನೇ ಪರೀಕ್ಷೆ ಮಾಡು ಅಂದ್ರು. ನಾವು ಯಾರೋ ಕಂಡದ್ದನ್ನ, ಯಾರೋ ಕತ್ತರಿಸಿದ್ದನ್ನ, ಯಾರೋ ಕಳಿಸಿದ್ದನ್ನ ನೋಡಿ ತೀರ್ಪು ಕೊಡ್ತೀವಿ.

'ಒಂದು ವಿಡಿಯೋಗೆ ಇಷ್ಟೊಂದು ಮಾತಾ?' ಅಂತ ನಿಮಗೆ ಅನ್ನಿಸಬಹುದು. ಹಾಗಾದ್ರೆ ಸ್ವಲ್ಪ ಹಿಂದಕ್ಕೆ ಹೋಗೋಣ.

2012ರ ಆಗಸ್ಟ್. ನಾನಾಗ ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಅದರ ಬೆನ್ನಿಗೇ ಇಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ಸುಗಳು ಹರಿದಾಡಿದವು. ಒಂದೆರಡು ದಿನದಲ್ಲಿ ಸಾವಿರಾರು ಜನ ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಸೇರಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಮುಖ್ಯಮಂತ್ರಿಯಿಂದ ಹಿಡಿದು ಪೊಲೀಸ್ ಅಧಿಕಾರಿಗಳವರೆಗೆ 'ಹೋಗಬೇಡಿ, ನಾವಿದ್ದೀವಿ' ಅಂತ ಹೇಳಿದರು. ಯಾರೂ ನಂಬಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ ಅಂತ 15 ದಿನದ ಮಿತಿ ಹಾಕಿತು.

ನಾನಿದ್ದ ಪಿಜಿಯಲ್ಲಿ ಅಡುಗೆ ಮಾಡ್ತಿದ್ದ ಹುಡುಗ ಅಸ್ಸಾಮಿನವನು. ನಮ್ಮ ಊರಿನ ಉಪ್ಪಿಟ್ಟನ್ನ ನಮ್ಮಮ್ಮನಿಗಿಂತ ಚೆನ್ನಾಗಿ ಮಾಡೋದು ಕಲ್ತಿದ್ದ. ಆ ರಾತ್ರಿ ಫೋನ್ ತಂದು ನನಗೆ ತೋರಿಸಿದ. 'ಅಣ್ಣಾ, ಇದು ನಿಜಾನಾ?' ಅಂದ. ನಾನು ಏನಂದೆ? 'ಗೊತ್ತಿಲ್ಲಪ್ಪ, ಯಾವುದಕ್ಕೂ ಹುಷಾರಾಗಿರು.' ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಹುಡುಗನ ಕಿವಿಗೆ ಅದು ಹೇಗೆ ಬಿದ್ದಿರಬೇಕು ಯೋಚಿಸಿ. ಕಂಪ್ಯೂಟರ್ ಓದಿದ ಅಣ್ಣನೇ ಹುಷಾರು ಅಂದ ಮೇಲೆ ನಿಜವೇ ಇರಬೇಕು! ಬೆಳಗ್ಗೆ ಎದ್ದಾಗ ಅವನಿರಲಿಲ್ಲ. ತಿಂಗಳ ಸಂಬಳ ಕೂಡ ತಗೊಂಡಿರಲಿಲ್ಲ. 'ಇಲ್ಲೇ ಇರು, ನನ್ನ ರೂಮಲ್ಲಿ ಮಲಗು' ಅನ್ನೋಕೆ ನನಗೆ ಯಾವ ಕಷ್ಟ ಇತ್ತು? ಇವತ್ತಿಗೂ ಉತ್ತರ ಇಲ್ಲ.

ಆರು ವರ್ಷ ಮುಂದಕ್ಕೆ ಬನ್ನಿ. 2018. ಈಗ ಎಸ್ಸೆಮ್ಮೆಸ್ ಜಾಗದಲ್ಲಿ ವಾಟ್ಸ್ಆ್ಯಪ್. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಿಡಿಯೋಗಳು. ಅದರಲ್ಲಿ ಒಂದು ವಿಡಿಯೋ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಬೈಕಿನಲ್ಲಿ ಬಂದವರು ಆಟ ಆಡ್ತಿದ್ದ ಮಗುವನ್ನ ಎತ್ತಿಕೊಂಡು ಹೋಗ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿಯ ವಿಡಿಯೋ. ಕೊನೆಯಲ್ಲಿ ಆ ಬೈಕಿನವರೇ ಮಗುವನ್ನ ವಾಪಸ್ ತಂದು ಬಿಡ್ತಾರೆ, ಪೋಷಕರಿಗೆ ಎಚ್ಚರಿಕೆ ಹೇಳುವ ಫಲಕ ಹಿಡೀತಾರೆ. ಆ ಕೊನೆಯ ಭಾಗವನ್ನ ಯಾರೋ ಕತ್ತರಿಸಿದರು. ಅಷ್ಟೇ ಮಾಡಿದ್ದು. ಸುಳ್ಳು ಹೇಳೋಕೆ ಸುಳ್ಳೇ ಸೃಷ್ಟಿಸಬೇಕು ಅಂತೇನಿಲ್ಲ, ನಿಜದ ಬಾಲ ಕತ್ತರಿಸಿದ್ರೆ ಸಾಕು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬನನ್ನ ಮಕ್ಕಳ ಕಳ್ಳ ಅಂತ ಹಗ್ಗ ಕಟ್ಟಿ ಹೊಡೆದರು. ಪ್ರಾಣ ಹೋಯ್ತು. ಜುಲೈನಲ್ಲಿ ಬೀದರ್ ಜಿಲ್ಲೆ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ಒಂದು ಊರಿನ ಹತ್ತಿರ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಬಂತು, ಜಗಳ ಆಯ್ತು, ಅವರು ಕಾರು ಹತ್ತಿ ಹೊರಟರು. ಆದರೆ ಅವರ ಕಾರಿಗಿಂತ ವಾಟ್ಸ್ಆ್ಯಪ್ ಮುಂದೆ ಹೋಗಿತ್ತು. ಮುರ್ಕಿ ಗ್ರಾಮದಲ್ಲಿ ರಸ್ತೆಗೆ ಅಡ್ಡ ಹಾಕಿ ಜನ ಕಾಯ್ತಿದ್ದರು. ಕಾರು ಉರುಳಿಬಿತ್ತು. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬರು ಉಳಿಯಲಿಲ್ಲ. ಅವರೂ ಇಂಜಿನಿಯರ್, ನನ್ನ ಹಾಗೇ.

ಆ ಜುಲೈನಲ್ಲೇ ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಪ್ರಕಟಿಸಿತು. 2020ರಲ್ಲಿ, ಪದೇ ಪದೇ ಫಾರ್ವರ್ಡ್ ಆಗಿ ಬಂದದ್ದನ್ನ ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಅಂತ ಇನ್ನೂ ಬಿಗಿ ಮಾಡಿತು. ಗಮನಿಸಿ: 2012ರಲ್ಲಿ ಸರ್ಕಾರ ಹಾಕಿದ ಮಿತಿ ಐದು, 2018ರಲ್ಲಿ ಕಂಪನಿ ಹಾಕಿದ ಮಿತಿಯೂ ಐದು. ಬೆರಳಿಗೆ ಬೇರೆಯವರು ಕಡಿವಾಣ ಹಾಕಬೇಕಾಯ್ತು, ನಾವಾಗಿ ಹಾಕ್ಕೊಳ್ಳಲಿಲ್ಲ.

ಇನ್ನು ನಮ್ಮ ಟಿವಿಯವರಿಗೆ ಇಂಥ ಮಿತಿಯೂ ಇಲ್ಲ. ನಮ್ಮದು ಒಂದೇ ಫಾರ್ವರ್ಡ್, ಲಕ್ಷಾಂತರ ಮನೆಗೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮಾಧ್ಯಮ ವಿಚಾರಣೆಯ ಬಗ್ಗೆ ಒಂದು ತೀರ್ಪು ಕೊಟ್ಟಿತು. ತನಿಖೆ ನಡೀತಿರುವಾಗ ನಾವೇ ತೀರ್ಪುಗಾರರಾಗೋದು ನ್ಯಾಯದಾನಕ್ಕೆ ಅಡ್ಡಿ ಅಂತ ಹೇಳಿತು. ಅವತ್ತು ನಮ್ಮ ಆಫೀಸಿನಲ್ಲಿ ಆ ತೀರ್ಪಿನ ಸುದ್ದಿ ಓದಿದವನು ನಾನೇ. ಓದಿ ಮುಗಿಸಿ ಮುಂದಿನ ಸುದ್ದಿಗೆ ಹೋದೆ.

ಈಗ ಒಂದು ಸಣ್ಣ ವಿಷಯ. ಸಣ್ಣದು ಅಂತ ಕಾಣುತ್ತೆ ಅಷ್ಟೇ.

ಇಂಗ್ಲಿಷಿನ ಆ್ಯಂಕರಿಗೆ ಇಲ್ಲದ ಒಂದು ಪರೀಕ್ಷೆ ಕನ್ನಡದ ಆ್ಯಂಕರಿಗೆ ಇದೆ. ಅವರಿಗೆ ಯಾರಾದ್ರೂ 'ಯೂ'. ನಮಗೆ ನೀನು, ನೀವು, ಅವನು, ಅವರು, ಬಂದ, ಬಂದರು. ಬಾಯಿ ತೆರೆದ ಕೂಡಲೇ ಮನುಷ್ಯನಿಗೆ ಎಷ್ಟು ಬೆಲೆ ಕೊಟ್ಟಿದ್ದೀವಿ ಅನ್ನೋದು ಕ್ರಿಯಾಪದದ ತುದಿಯಲ್ಲಿ ಬಂದುಬಿಡುತ್ತೆ. ಕಂಡಕ್ಟರ್ ಮಗಳ ಫೋನ್ ಬಂದ ಮೇಲೆ ನಾನು ನನ್ನ ಹಳೆಯ ಕಾರ್ಯಕ್ರಮಗಳನ್ನ ಕೂತು ನೋಡಿದೆ. ಕೋಟ್ಯಂತರ ರೂಪಾಯಿ ಹಗರಣದಲ್ಲಿ ಸಿಕ್ಕಿಬಿದ್ದ ದೊಡ್ಡ ಮನುಷ್ಯರಿಗೆ ನಾನು ಏನಂದಿದ್ದೀನಿ? 'ಅವರನ್ನು ಬಂಧಿಸಲಾಗಿದೆ, ಅವರು ಆರೋಪ ನಿರಾಕರಿಸಿದ್ದಾರೆ.' ಮೊಬೈಲ್ ಕದ್ದ ಆರೋಪದ ಹುಡುಗನಿಗೆ? 'ಸಿಕ್ಕಿಬಿದ್ದ, ಇವನ ಕೈಚಳಕ ನೋಡಿ.' ಇಬ್ಬರದೂ ಆರೋಪವೇ. ಇಬ್ಬರ ಮೇಲೂ ಕೋರ್ಟಿನಲ್ಲಿ ಏನೂ ಸಾಬೀತಾಗಿರಲಿಲ್ಲ. ಹಾಗಾದ್ರೆ ಬಹುವಚನ ಯಾರಿಗೆ ಕೊಟ್ಟೆ? ಕಾನೂನಿಗೆ ಕೊಟ್ಟನಾ, ಕಾರಿಗೆ ಕೊಟ್ಟನಾ?

ಇದು ಟಿವಿಯ ಮಾತು ಮಾತ್ರ ಅಲ್ಲ. ನಿಮ್ಮನ್ನೂ ಸ್ವಲ್ಪ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊಟ ತಂದ ಡೆಲಿವರಿ ಹುಡುಗ ಹತ್ತು ನಿಮಿಷ ತಡ ಮಾಡಿದ. ಬಾಗಿಲಲ್ಲಿ ನಿಂತವನಿಗೆ ನಾವು ಏನೂ ಅನ್ನಲ್ಲ. ಒಳಗೆ ಬಂದು ಬಾಗಿಲು ಹಾಕಿ ಫೋನಿನಲ್ಲಿ ಒಂದು ನಕ್ಷತ್ರ ಒತ್ತುತ್ತೀವಿ. ಎದುರಿಗೆ ಕೇಳಿದ್ರೆ 'ಸಾರ್, ಪಂಕ್ಚರ್ ಆಗಿತ್ತು' ಅನ್ನೋಕೆ ಅವನಿಗೊಂದು ಅವಕಾಶ ಇರ್ತಿತ್ತು. ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಭಾವನ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ. ಅಲ್ಲಿಗೆ ಮನಸ್ತಾಪ ಶುರು. ನೀಲಿ ಟಿಕ್ ಹೇಳೋದು ಫೋನಿನಲ್ಲಿ ಮೆಸೇಜ್ ತೆರೆಯಿತು ಅಂತ ಮಾತ್ರ. ಆ ಹೊತ್ತಿಗೆ ಆ ಮನುಷ್ಯ ಆಸ್ಪತ್ರೆ ಕ್ಯೂನಲ್ಲಿದ್ದನೋ, ಬಾಸ್ ಎದುರಿಗಿದ್ದನೋ, ಏನು ಬರೆಯೋದು ಅಂತ ತೋಚದೆ ಕೂತಿದ್ದನೋ, ಅದನ್ನ ಯಾವ ಬಣ್ಣದ ಟಿಕ್ ಕೂಡ ಹೇಳಲ್ಲ. ಖಾಲಿ ಬಿಟ್ಟ ಆ ಜಾಗವನ್ನ ನಾವು ನಮ್ಮ ಅನುಮಾನದಿಂದ ತುಂಬ್ತೀವಿ. ಟಿವಿಯಲ್ಲಿ ನಾವು ಎರಡು ಪಕ್ಕಕ್ಕೆ ಮಸುಕು ತುಂಬಿದ ಹಾಗೆ.

ಮತ್ತೆ ಕಂಡಕ್ಟರ್ ವಿಷಯಕ್ಕೆ ಬರ್ತೀನಿ.

ಪೂರ್ತಿ ವಿಡಿಯೋ ಸಿಕ್ಕಿದ ದಿನವೇ ನಾವು ಸ್ಪಷ್ಟನೆ ಹಾಕಿದ್ವಿ. ಯಾವಾಗ? ರಾತ್ರಿ ಹನ್ನೊಂದೂವರೆಗೆ. ಎಷ್ಟು ಹೊತ್ತು? ಇಪ್ಪತ್ತು ಸೆಕೆಂಡ್. ಕರ್ತವ್ಯ ಮುಗೀತು ಅಂದುಕೊಂಡ್ವಿ. ಅಷ್ಟರಲ್ಲಿ ಅವರಿಗೆ ಡಿಪೋದಿಂದ ನೋಟಿಸ್ ಬಂದಿತ್ತು, ಡ್ಯೂಟಿಯಿಂದ ಇಳಿಸಿದ್ದರು. ಪೂರ್ತಿ ವಿಡಿಯೋ ನೋಡಿದ ಮೇಲೆ ಆ ನೋಟಿಸ್ ವಾಪಸ್ ಆಯ್ತು. ಆದರೆ ಬೀದಿಯ ನೋಟಿಸ್ ವಾಪಸ್ ಆಗಲ್ಲ. ಹನ್ನೊಂದೂವರೆಗೆ ಟಿವಿ ನೋಡದವರ ಲೆಕ್ಕದಲ್ಲಿ ಅವರು ಇನ್ನೂ 'ರಾಕ್ಷಸ'.

ಮೂರು ವಾರ ತಳ್ಳಿಹಾಕಿ, ಕೊನೆಗೆ ಒಂದು ಭಾನುವಾರ ಅವರ ಮನೆಗೆ ಹೋದೆ. ಕ್ಯಾಮೆರಾ ತಗೊಂಡು ಹೋಗಲಿಲ್ಲ. ಬಾಗಿಲು ತೆಗೆದವರು ಆ ಮಗಳೇ. ಒಳಗೆ ತಾತ ಕೂತಿದ್ದರು. ಟಿವಿ ಆಫ್ ಆಗಿತ್ತು. ಕಂಡಕ್ಟರ್ ನನ್ನನ್ನ ನೋಡಿ ಎದ್ದು ನಿಂತರು, 'ಬನ್ನಿ ಸಾರ್, ಕೂತ್ಕೊಳ್ಳಿ' ಅಂದರು. ಕಾಫಿ ತರಿಸಿದರು. ಆ ಕಾಫಿ ಗಂಟಲಲ್ಲಿ ಇಳೀಲಿಲ್ಲ ನನಗೆ.

'ತಪ್ಪಾಯ್ತು ಅಣ್ಣಾ' ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು, ಅವರ ಮಾತಿನಲ್ಲೇ ಹೇಳ್ತೀನಿ: 'ತಪ್ಪು ಎಲ್ರೂ ಮಾಡ್ತಾರೆ ಸಾರ್. ಇಪ್ಪತ್ತೆಂಟು ವರ್ಷದ ಸರ್ವಿಸಲ್ಲಿ ನಾನೂ ಮಾಡಿದ್ದೀನಿ. ಚಿಲ್ಲರೆ ಕೊಟ್ಟಿಲ್ಲ ಅಂತ ಯಾರಿಗೋ ಬೈದಿರ್ತೀನಿ, ಆಮೇಲೆ ಅವರು ಕೊಟ್ಟಿದ್ದು ನನ್ನ ಬ್ಯಾಗಲ್ಲೇ ಸಿಗುತ್ತೆ. ಆಗ ಅದೇ ಬಸ್ಸಲ್ಲಿ, ಬೈದಾಗ ಯಾರ್ಯಾರು ಇದ್ರೋ ಅವರ ಎದುರಿಗೇನೇ ತಪ್ಪಾಯ್ತು ಅಂತೀನಿ. ಬಸ್ ಖಾಲಿ ಆದ್ಮೇಲೆ ಹೇಳಿದ್ರೆ ಏನು ಬಂತು? ನೀವು ನನಗೆ ಬೈದಿದ್ದು ಎಂಟು ಗಂಟೆಗೆ ಸಾರ್. ತಪ್ಪಾಯ್ತು ಅಂದಿದ್ದು ಬಸ್ ಖಾಲಿ ಆದ್ಮೇಲೆ.'

ನಾಲ್ಕು ವರ್ಷ ಕಮ್ಯುನಿಕೇಷನ್ ಓದಿದೆ, ಅದಕ್ಕಿಂತ ಜಾಸ್ತಿ ವರ್ಷ ಕ್ಯಾಮೆರಾ ಮುಂದೆ ಮಾತಾಡಿದ್ದೀನಿ. ಈ ಪಾಠ ಮಾತ್ರ ಟಿಕೆಟ್ ಹರಿಯೋ ಮನುಷ್ಯರಿಂದ ಕಲೀಬೇಕಾಯ್ತು.

ಹಾಗಾಗಿ ಇವತ್ತಿಂದ ನನ್ನ ಮಟ್ಟಿಗೆ ಮೂರು ನಿಯಮ ಹಾಕ್ಕೊಂಡಿದ್ದೀನಿ. ತಪ್ಪಿದ್ರೆ ನೀವೇ ಕೇಳಿ. ಒಂದು, ವಿಡಿಯೋದಲ್ಲಿರೋ ಮನುಷ್ಯರನ್ನ ಒಮ್ಮೆ ಮಾತಾಡಿಸೋಕೆ ಪ್ರಯತ್ನ ಮಾಡದೆ ಅವರ ಬಗ್ಗೆ ಮಾತಾಡಲ್ಲ. ಬೇರೆ ಚಾನೆಲ್ ಮೊದಲು ಹಾಕಿದ್ರೂ ಪರವಾಗಿಲ್ಲ. ಎರಡು, ಆರೋಪ ಇರೋದು ಯಾರ ಮೇಲೇ ಆಗಲಿ, ಕೋಟಿ ರೂಪಾಯಿಯದ್ದಾಗಲಿ ಮೊಬೈಲ್ ಫೋನಿನದ್ದಾಗಲಿ, ಎಲ್ಲರಿಗೂ ಒಂದೇ ವಚನ, ಬಹುವಚನ. ಮೂರು, ತಪ್ಪು ಮಾಡಿದ್ದು ಎಂಟು ಗಂಟೆಗಾದ್ರೆ ತಿದ್ದೋದೂ ಎಂಟು ಗಂಟೆಗೇ. ಎಷ್ಟು ಹೊತ್ತು ಬೈದೆನೋ ಅಷ್ಟು ಹೊತ್ತು.

ನಿಮಗೂ ಒಂದು ಕೋರಿಕೆ. ಫಾರ್ವರ್ಡ್ ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ. ಈ ವಿಡಿಯೋದಲ್ಲಿ ಇರೋದು ನಮ್ಮಪ್ಪ ಆಗಿದ್ರೆ, 'ಅದರ ಮುಂದಿನ ಭಾಗ ಎಲ್ಲಿ?' ಅಂತ ನಾನು ಕೇಳ್ತಿದ್ದನಾ? ಹೌದು ಅನ್ನೋದಾದ್ರೆ ಬೇರೆಯವರ ಅಪ್ಪನಿಗೂ ಅದನ್ನೇ ಕೇಳಿ. ಗ್ರೂಪಿನಲ್ಲಿ ಯಾರಾದ್ರೂ 'ಹುಷಾರು' ಅಂತ ಏನಾದ್ರೂ ಹಾಕಿದ್ರೆ, 'ಇದು ನಿಜಾನಾ?' ಅಂತ ಕೇಳೋಕೆ ಸಂಕೋಚ ಬೇಡ. ದೊಡ್ಡವರು ಹಾಕಿದ್ದಾರೆ, ಬೇಜಾರಾಗ್ತಾರೆ ಅಂತ ಸುಮ್ಮನಿರಬೇಡಿ. ಮರ್ಯಾದೆಯಿಂದ ಕೇಳಬಹುದು. ನಾನು ಅವತ್ತು ಆ ಅಡುಗೆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕೋ ಶ್ರಮ ತಗೊಂಡಿದ್ರೆ ಒಂದು ರೈಲು ಟಿಕೆಟ್ ಆದ್ರೂ ಉಳೀತಿತ್ತು.

ಆ ಕಂಡಕ್ಟರ್ ಹೆಸರು, ಊರು ನಾನು ಹೇಳ್ತಿಲ್ಲ. ಹೇಳಬೇಡಿ ಅಂತ ಅವರೇ ಕೇಳಿದ್ದಾರೆ. 'ಒಳ್ಳೆಯವನು ಅಂತಲೂ ನನ್ನ ಮುಖ ತಿರುಗಿಸಿ ತಿರುಗಿಸಿ ತೋರಿಸಬೇಡಿ ಸಾರ್, ನನಗೆ ನಾಳೆ ಡ್ಯೂಟಿ ಇದೆ' ಅಂದರು. ಅದಕ್ಕೇ ಇವತ್ತು ಪರದೆ ಮೇಲೆ ಯಾವ ವಿಡಿಯೋನೂ ಇಲ್ಲ, ಕೆಂಪು ವೃತ್ತವೂ ಇಲ್ಲ. ನಾನೊಬ್ಬನೇ ಕಾಣ್ತಿದ್ದೀನಿ.

ಅವರ ಮನೆಯಲ್ಲಿ ಈಗ ಟಿವಿ ಆನ್ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ. ಇದ್ದರೆ, ಆ ತಾತ ಮುಂದೆ ಕೂತಿದ್ದರೆ, ಅವರಿಗೆ ಹೇಳ್ತೀನಿ. ಯಜಮಾನ್ರೇ, ನಿಮ್ಮ ಮಗನಿಗೆ ತಂದೆ ಇಲ್ವಾ ಅಂತ ಇದೇ ಕುರ್ಚಿಯಲ್ಲಿ ಕೂತು ಕೇಳಿದ್ದೆ. ಇದ್ದಾರೆ. ಅವರು ಮಗನನ್ನ ಚೆನ್ನಾಗಿ ಬೆಳೆಸಿದ್ದಾರೆ. ನಾನು ಆಡಿದ್ದು ತಪ್ಪು.

ಬಸ್ ಇನ್ನೂ ಖಾಲಿ ಆಗಿಲ್ಲ ಅಂದುಕೊಂಡಿದ್ದೀನಿ. ನಮಸ್ಕಾರ.